ಕಣ್ಣಿಗೆ ಕಾಣದ ಬೆಳಕು ಫೋಟೋದಲ್ಲಿ ಹೇಗೆ ಬಂತು?

ಪ್ರಶ್ನೆ: ರಾತ್ರಿ ತಾರಸಿ ಮೇಲಿಂದ ಫೋನಿನಲ್ಲಿ ಚಂದ್ರನ ಫೋಟೋ ತೆಗೆದೆ. ಆಗ ಆಕಾಶದಲ್ಲಿ ಚಂದ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಫೋಟೋ ನೋಡಿದರೆ ಕೆಳಗಡೆ ಹಸಿರು ಬಣ್ಣದ ಒಂದು ಬೆಳಕು ಇದೆ. ವಿಮಾನ ಅಲ್ಲ, ಡ್ರೋನ್ ಅಲ್ಲ. ಏನದು?

ಉತ್ತರ: ಅದೂ ಚಂದ್ರನೇ ಇರಬೇಕು. ಆಕಾಶದಲ್ಲಿ ಇರುವುದು ಒಂದೇ, ಎರಡನೆಯದು ನಿಮ್ಮ ಫೋನಿನೊಳಗೆ ಹುಟ್ಟಿದ್ದು.

ಫೋನ್ ಕ್ಯಾಮೆರಾದಲ್ಲಿ ಪುಟ್ಟ ಪುಟ್ಟ ಲೆನ್ಸ್‌ಗಳು ಒಂದರ ಹಿಂದೆ ಒಂದು ಕೂತಿರುತ್ತವೆ. ಕೊನೆಯಲ್ಲಿ ಬೆಳಕನ್ನು ಹಿಡಿದು ಚಿತ್ರ ಮಾಡುವ ಸೆನ್ಸರ್, ಅದರ ಮುಂದೆ ಒಂದು ಗಾಜಿನ ಫಿಲ್ಟರ್. ಸೆನ್ಸರ್‌ಗೆ ಬಿದ್ದ ಬೆಳಕಿನಲ್ಲಿ ಒಂಚೂರು ವಾಪಸ್ ಚಿಮ್ಮುತ್ತದೆ. ಅದು ಫಿಲ್ಟರ್‌ಗೋ ಲೆನ್ಸ್‌ಗೋ ತಾಗಿ ಮತ್ತೆ ಸೆನ್ಸರ್ ಮೇಲೆ ಬೇರೆ ಜಾಗದಲ್ಲಿ ಬೀಳುತ್ತದೆ. ಈ ಪ್ರತಿಫಲನ ತಡೆಯೋಕೆ ಗಾಜಿಗೆ ಲೇಪನ ಹಾಕಿರುತ್ತಾರೆ. ಆದರೆ ಲೇಪನ ಎಲ್ಲಾ ಬಣ್ಣವನ್ನೂ ಒಂದೇ ಥರ ತಡೆಯುವುದಿಲ್ಲ. ತಪ್ಪಿಸಿಕೊಂಡು ಬರುವುದು ಸಾಮಾನ್ಯವಾಗಿ ಹಸಿರು, ಇಲ್ಲವೇ ನೀಲಿ. ಹಗಲಿನ ಫೋಟೋದಲ್ಲೂ ಇದು ನಡೆಯುತ್ತಲೇ ಇರುತ್ತದೆ, ಸುತ್ತಲಿನ ಬೆಳಕಿನಲ್ಲಿ ಕಾಣುವುದಿಲ್ಲ ಅಷ್ಟೇ. ಕಪ್ಪು ಆಕಾಶದಲ್ಲಿ ಎದ್ದು ಕಾಣುತ್ತದೆ.

ನನ್ನ ಮಾತು ನಂಬಬೇಕಾಗಿಲ್ಲ, ನೀವೇ ನೋಡಿ. ಕ್ರಾಪ್ ಮಾಡದ ಮೂಲ ಫೋಟೋ ತೆಗೆದುಕೊಳ್ಳಿ. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಸೇರುವ ಜಾಗವೇ ಫೋಟೋದ ನಟ್ಟನಡು. ಈಗ ಚಂದ್ರನಿಂದ ಆ ನಡುಬಿಂದುವಿಗೆ ಗೆರೆ ಎಳೆದು, ಅಷ್ಟೇ ದೂರ ಮುಂದಕ್ಕೆ ಒಯ್ಯಿರಿ. ಗೆರೆ ಸೀದಾ ಹಸಿರು ಬೆಳಕಿನ ಮೇಲೆ ಹೋಗಿ ನಿಂತರೆ ವಿಚಾರಣೆ ಮುಗಿಯಿತು. ಚಂದ್ರನ ಬದಲು ಬೀದಿದೀಪ ಇದ್ದರೂ ಇದೇ ಲೆಕ್ಕ. ನಾಲ್ಕು ದೀಪ ಇದ್ದರೆ ನಾಲ್ಕು ಹಸಿರು ಚುಕ್ಕೆ ಬರಬಹುದು, ಅವೂ ತಲೆಕೆಳಗಾದ ಸಾಲಿನಲ್ಲಿ. ‘ಹಾರುವ ತಟ್ಟೆಗಳ ಗುಂಪು’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಎಷ್ಟೋ ಫೋಟೋಗಳು ಈ ಜಾತಿಯವು.

ಇದರಲ್ಲೊಂದು ಮಜಾ ಇದೆ. ಬಿದಿಗೆ ತದಿಗೆಯ ಚಂದ್ರನನ್ನು ಫೋನಿನಲ್ಲಿ ತೆಗೆದರೆ ಬೆಳಕು ಜಾಸ್ತಿಯಾಗಿ ಅದು ಬರೀ ಬಿಳಿ ಉಂಡೆಯಂತೆ ಬರುತ್ತದೆ. ಆದರೆ ಆ ಮಂಕು ಹಸಿರು ಬೆಳಕನ್ನು ಜೂಮ್ ಮಾಡಿ ನೋಡಿ. ಅಲ್ಲಿ ಕುಡುಗೋಲಿನ ಆಕಾರ ಸ್ಪಷ್ಟವಾಗಿ ಇರುತ್ತದೆ, ತಲೆಕೆಳಗಾಗಿ. ಅಸಲಿಗಿಂತ ನಕಲಿಯೇ ಚೆನ್ನಾಗಿ ಬಂದಿರುತ್ತದೆ! ಗ್ರಹಣದ ದಿನ ಸೂರ್ಯನ ಫೋಟೋದಲ್ಲೂ ಹೀಗಾಗುತ್ತದೆ.

ಚಂದ್ರನೂ ಇಲ್ಲ, ದೀಪವೂ ಇಲ್ಲ, ಆದರೂ ಬೆಳಕು ಬಂದಿದೆ ಅಂದರೆ? ಅದು ಚುಕ್ಕೆಯೋ ಗೆರೆಯೋ ನೋಡಬೇಕು. ಸೂಜಿಮೊನೆಯಷ್ಟು ಸಣ್ಣ ಕೆಂಪು, ನೀಲಿ ಚುಕ್ಕೆಯಾದರೆ ಸೆನ್ಸರ್‌ನ ಹಾಟ್ ಪಿಕ್ಸೆಲ್, ಅಂದರೆ ಬೆಳಕು ಬೀಳದಿದ್ದರೂ ಹೊಳೆಯುವ ಚುಕ್ಕೆ ಇರಬಹುದು. ಲೆನ್ಸ್ ಮುಚ್ಚಿ, ಮೊದಲಿನಷ್ಟೇ ಸೆಕೆಂಡು ತೆಗೆದುಕೊಳ್ಳುವ ಇನ್ನೊಂದು ಫೋಟೋ ತೆಗೆಯಿರಿ. ಚುಕ್ಕೆ ಅದೇ ಜಾಗದಲ್ಲಿ ಬಂದರೆ ಅದಕ್ಕೂ ಆಕಾಶಕ್ಕೂ ಸಂಬಂಧವಿಲ್ಲ. ಸೆನ್ಸರ್ ಬಿಸಿಯಾದಷ್ಟೂ ಇವು ಹೆಚ್ಚುತ್ತವೆ, ಹಾಗಾಗಿ ಬೇಸಿಗೆ ರಾತ್ರಿಗಳಲ್ಲಿ ಕಾಟ ಜಾಸ್ತಿ. ಇನ್ನು, ಮಳೆಗಾಲಕ್ಕೆ ಮುಂಚೆ ಮಲೆನಾಡಿನಲ್ಲಿ ತೆಗೆದ ಫೋಟೋದಲ್ಲಿ ಹಳದಿ-ಹಸಿರು ತುಂಡು ಗೆರೆಗಳಿದ್ದು, ಒಂದಾದರೂ ಮರದ ಮುಂದೆ ಹಾದಿದ್ದರೆ ಅದು ಮಿಂಚುಹುಳ.

ಗೆರೆಗಳ ವಿಷಯಕ್ಕೆ ಬಂದರೆ, ಕ್ಯಾಮೆರಾ ಕೆಲವು ಸೆಕೆಂಡು ಬೆಳಕು ಹಿಡಿಯುವಾಗ ಚಲಿಸುವ ಬೆಳಕು ಗೆರೆಯಾಗಿ ಬರುತ್ತದೆ. ವಿಮಾನವನ್ನು ಗುರುತಿಸುವುದು ಸುಲಭ. ಅದರ ಎಡ ರೆಕ್ಕೆಗೆ ಕೆಂಪು, ಬಲಕ್ಕೆ ಹಸಿರು ದೀಪ. ಜೊತೆಗೆ ಸೆಕೆಂಡಿಗೊಮ್ಮೆ ಎನ್ನುವಂತೆ ಮಿನುಗುವ ಬಿಳಿ ದೀಪ ಗೆರೆಯುದ್ದಕ್ಕೂ ಚುಕ್ಕೆ ಇಡುತ್ತಾ ಹೋಗುತ್ತದೆ. ಉಲ್ಕೆಯ ಗೆರೆ ಎರಡೂ ತುದಿಯಲ್ಲಿ ಚೂಪು, ನಡುವೆ ದಪ್ಪ, ಎಷ್ಟೋ ಸಲ ಶುರುವಿನಲ್ಲಿ ಹಸಿರು. ಒಂದೆರಡು ಸೆಕೆಂಡಿನಲ್ಲಿ ಮುಗಿಯುವುದರಿಂದ ಒಂದೇ ಫೋಟೋದಲ್ಲಿರುತ್ತದೆ. ಮುಂದಿನ ಫೋಟೋದಲ್ಲೂ ಗೆರೆ ಮುಂದುವರಿದಿದ್ದರೆ ಉಲ್ಕೆಯ ಆಸೆ ಬಿಡಿ. ಬಣ್ಣವಿಲ್ಲದೆ, ಒಂದೇ ದಪ್ಪಕ್ಕೆ, ನೇರವಾಗಿ ಹೋದದ್ದು ಉಪಗ್ರಹ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲೆ ಸೆಕೆಂಡಿಗೆ ಸುಮಾರು 1 ಡಿಗ್ರಿ ಸರಿಯುತ್ತದೆ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ 10 ಸೆಕೆಂಡಿನ ಫೋಟೋದಲ್ಲಿ ಒಂದು ಮುಷ್ಟಿಯಷ್ಟು ಗೆರೆ.

ಕತ್ತಲಲ್ಲಿ ಫೋಟೋ ತೆಗೆಯಲು ಫೋನಿನಲ್ಲಿರುವ ನೈಟ್ ಮೋಡ್ ಇಲ್ಲಿ ದಾರಿ ತಪ್ಪಿಸುತ್ತದೆ. ಫೋನ್ ಒಂದು ದೊಡ್ಡ ಫೋಟೋ ತೆಗೆಯುವುದಿಲ್ಲ, ಹಲವು ಫೋಟೋ ತೆಗೆದು ಸೇರಿಸುತ್ತದೆ. ಗೂಗಲ್‌ನ ಪಿಕ್ಸೆಲ್ ಫೋನಿನ 4 ನಿಮಿಷದ ನಕ್ಷತ್ರದ ಫೋಟೋ ಅಂದರೆ 16 ಸೆಕೆಂಡಿನ 15 ಫೋಟೋಗಳು. ನಡುನಡುವೆ ಬಿಡುವು ಬಂದಾಗ ಉಪಗ್ರಹದ ಗೆರೆಯೂ ತುಂಡು ತುಂಡಾಗಿ ಕಾಣಬಹುದು. ‘ಮಿನುಗುತ್ತಾ ಹೋಯಿತು’ ಅಂತ ಜನ ಮೋಸಹೋಗುವುದು ಇಲ್ಲೇ. ವಿಮಾನದ ಚುಕ್ಕೆಗಳು ಒತ್ತೊತ್ತಾಗಿರುತ್ತವೆ, ಇವು ಉದ್ದುದ್ದ ತುಂಡುಗಳು.

ಸಮಯವೂ ದೊಡ್ಡ ಸುಳಿವು. ಉಪಗ್ರಹಕ್ಕೆ ಸ್ವಂತ ದೀಪವಿಲ್ಲ, ಬಿಸಿಲು ಬಿದ್ದರಷ್ಟೇ ಹೊಳೆಯುತ್ತದೆ. ಯುರೋಪಿನ ಉತ್ತರದ ದೇಶಗಳಲ್ಲಿ ಬೇಸಿಗೆಯಲ್ಲಿ ರಾತ್ರಿಯಿಡೀ ಕಾಣುತ್ತವೆ ಅಂತ ಓದಿರುತ್ತೀರಿ, ನಮ್ಮಲ್ಲಿ ಹಾಗಲ್ಲ. ಕರ್ನಾಟಕದಲ್ಲಿ ನಡುರಾತ್ರಿ ಹೊತ್ತಿಗೆ 400–550 ಕಿ.ಮೀ. ಎತ್ತರದ ಉಪಗ್ರಹಗಳು ನೆತ್ತಿಯ ಮೇಲೆ ಬಂದರೂ ಭೂಮಿಯ ನೆರಳಿನಲ್ಲೇ ಇರುತ್ತವೆ. ಅವು ಚೆನ್ನಾಗಿ ಕಾಣುವುದು ಸಂಜೆ ಕತ್ತಲಾದ ಮೇಲೆ, ಇಲ್ಲವೇ ಬೆಳಗಿನ ಜಾವ. 2019ರ ಮೇ ತಿಂಗಳಲ್ಲಿ ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹಗಳು ಒಟ್ಟಿಗೆ ಹೋದ ಮೇಲೆ ಸಾಲುದೀಪಗಳ ಗಾಬರಿ ಶುರುವಾಯಿತು. 2021ರ ಡಿಸೆಂಬರ್‌ನಲ್ಲಿ ಪಂಜಾಬಿನ ಪಠಾಣ್‌ಕೋಟ್‌ನಲ್ಲಿ ಜನ ಬೆರಗಾಗಿ ನೋಡಿದ್ದೂ ಇಂಥದ್ದೇ ಸಾಲು. ಉಡಾವಣೆಯಾದ ಕೆಲವು ದಿನ ಮಾತ್ರ ಹೀಗೆ ಒತ್ತಾಗಿರುತ್ತವೆ, ಆಮೇಲೆ ಚದುರುತ್ತವೆ.

ನಿಜಕ್ಕೂ ಅಪರೂಪದ್ದು ಸಿಗುವುದೇ ಇಲ್ಲ ಅಂತಲ್ಲ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶದ ಜನ ಹೊತ್ತಿ ಉರಿಯುತ್ತಾ ಚೂರಾಗಿ, ನಿಧಾನವಾಗಿ ಸಾಗಿದ ಬೆಳಕನ್ನು ಮೊಬೈಲಿನಲ್ಲಿ ಹಿಡಿದರು. ಅದು ಚೀನಾದ ರಾಕೆಟ್‌ನ ಭಾಗ. ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೇ ಬಿದ್ದಿತ್ತು. ಆ ಮೊಬೈಲ್ ವಿಡಿಯೋಗಳಿಗೆ ಬೆಲೆ ಬಂದದ್ದು ಯಾವ ಊರು, ಎಷ್ಟು ಗಂಟೆ ಅಂತ ಗೊತ್ತಿದ್ದರಿಂದ.

ಆದ್ದರಿಂದ ಅನುಮಾನದ ಫೋಟೋ ಸಿಕ್ಕರೆ ಅದರ ಹಿಂದಿನ, ಮುಂದಿನ ಫೋಟೋ ಅಳಿಸಬೇಡಿ. ಯಾವ ದಿಕ್ಕಿಗೆ ಮುಖ ಮಾಡಿದ್ದಿರಿ ಅಂತ ಬರೆದಿಟ್ಟುಕೊಳ್ಳಿ. ಆಕಾಶದ ನಕ್ಷೆ ತೋರಿಸುವ ಸ್ಟೆಲ್ಲೇರಿಯಂ ಆ್ಯಪ್‌ನಲ್ಲಿ ಅದೇ ಊರು, ಅದೇ ಸಮಯ ಹಾಕಿದರೆ ಗ್ರಹ, ನಕ್ಷತ್ರ ಗೊತ್ತಾಗುತ್ತವೆ. ಹೆವೆನ್ಸ್ ಅಬೌವ್ ಜಾಲತಾಣ ಉಪಗ್ರಹ ತೋರಿಸುತ್ತದೆ, ಫ್ಲೈಟ್‌ರೇಡಾರ್24 ವಿಮಾನ. ಬೇರೆ ಕ್ಯಾಮೆರಾ ಆದರೆ ಅದರ ಗಡಿಯಾರ ಸರಿ ಇದೆಯಾ ನೋಡಿಕೊಳ್ಳಿ, ಹತ್ತು ನಿಮಿಷ ತಪ್ಪಿದ್ದರೂ ಉಪಗ್ರಹ ಸಿಗುವುದಿಲ್ಲ. ಇನ್ನೊಬ್ಬರಿಗೆ ತೋರಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ತೆಗೆದ ಸಮಯದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.