ಹಳೆ ಮನೆಯ ಪಕ್ಕ ಹೊಸ ಕಟ್ಟಡ, ಕೆಳಗೆ ಪೈಲು: ಲೆಕ್ಕ ಮತ್ತು ಖರ್ಚಿನ ಟಿಪ್ಪಣಿ

ಬೆಂಗಳೂರಿನ ಬಹುಪಾಲು ಸೈಟುಗಳಲ್ಲಿ ಮನೆ ವಿಸ್ತರಿಸಲು ಪೈಲ್ (ನೆಲದಲ್ಲಿ ಆಳವಾಗಿ ಕೊರೆದ ಗುಂಡಿಗೆ ಕಂಬಿ, ಕಾಂಕ್ರೀಟು ತುಂಬಿ ಮಾಡುವ ಕಂಬ) ಬೇಕಾಗುವುದಿಲ್ಲ. ಗಟ್ಟಿ ಕೆಂಪು ಮಣ್ಣು ಸಿಕ್ಕಿದರೆ ಐದಾರು ಅಡಿ ಅಗೆದು ಫುಟಿಂಗ್ ಹಾಕಿದರೆ ಎರಡು ಅಂತಸ್ತಿನ ಭಾರ ನಿಲ್ಲುತ್ತದೆ. ಪೈಲ್ ಹಾಕಿದರೆ ಸದಾ ಹೆಚ್ಚು ಭದ್ರ ಎಂಬ ನಂಬಿಕೆಗೆ ಆಧಾರವಿಲ್ಲ. ಬೇಡದ ಕಡೆ ಅದು ಬರೀ ಖರ್ಚು.

ಬೇಕಾಗುವುದು ಮುಖ್ಯವಾಗಿ ಎರಡು ಕಡೆ. ಒಂದು, ಭರ್ತಿ ಮಣ್ಣಿನ ಮೇಲೆ. ಈಗಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗ ಹಿಂದೆ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣದ್ದು ಸಂಪಂಗಿ ಕೆರೆ. ಹೆಸರೂ ಉಳಿಯದ ಸಣ್ಣ ಕೆರೆ, ಕಟ್ಟೆ, ಕಲ್ಲು ಕ್ವಾರಿಗಳ ಮೇಲೂ ಬಡಾವಣೆಗಳು ಎದ್ದಿವೆ. ಸೈಟಿನ ಸರ್ವೆ ನಂಬರ್ ಹಿಡಿದು ಹಳೆಯ ಗ್ರಾಮ ನಕ್ಷೆ ನೋಡುವುದು ಮೊದಲ ಕೆಲಸ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಎರಡು, ಹಳೆ ಮನೆಯ ಪಾಯಕ್ಕೆ ಅಂಟಿಕೊಂಡು ಆಳವಾಗಿ ಅಗೆಯುವಂತಿಲ್ಲದ ಕಡೆ. ಹಳೆ ಮನೆಗಳ ಸೈಜುಗಲ್ಲಿನ ಪಾಯ ಗೋಡೆಗಿಂತ ಅಗಲವಾಗಿ ಮಣ್ಣಿನೊಳಗೆ ಹೊರಚಾಚಿರುತ್ತದೆ. ಅದರ ಪಕ್ಕ ಅದಕ್ಕಿಂತ ಕೆಳಗೆ ಗುಂಡಿ ತೋಡಿದರೆ ಕಲ್ಲಿನಡಿಯ ಮಣ್ಣು ಜಾರಿ ಗೋಡೆ ಸೀಳುತ್ತದೆ. ಆದ್ದರಿಂದ ನಕ್ಷೆ ಬರೆಸುವ ಮುನ್ನವೇ ಗೋಡೆಯ ಪಕ್ಕ ಸಣ್ಣ ಗುಂಡಿ ತೋಡಿಸಿ, ಪಾಯ ಎಲ್ಲಿಯವರೆಗೆ ಚಾಚಿದೆ, ಎಷ್ಟು ಆಳಕ್ಕಿದೆ ಎಂದು ಅಳೆಯಬೇಕು.

ಮಣ್ಣು ಪರೀಕ್ಷೆಯ ವರದಿ ಓದುವುದು

ವಿಸ್ತರಣೆ ಎಷ್ಟೇ ಸಣ್ಣದಿದ್ದರೂ ಎದುರುಬದುರು ಮೂಲೆಗಳಲ್ಲಿ ಮಣ್ಣು ಪರೀಕ್ಷೆಗೆ ಎರಡು ಬೋರ್ (ಕೊರೆದ ರಂಧ್ರ) ಹಾಕಿಸಿ. ಮಣ್ಣು ಎಷ್ಟು ಗಟ್ಟಿ ಎಂದು ಹೇಳುವ ವರದಿಯ ಎನ್ ಸಂಖ್ಯೆ ಬರುವುದು ಹೀಗೆ: 63.5 ಕೆಜಿ ಸುತ್ತಿಗೆಯನ್ನು 750 ಮಿಮೀ ಎತ್ತರದಿಂದ ಬೀಳಿಸುತ್ತಾ ಕೊಳವೆಯನ್ನು 450 ಮಿಮೀ ಇಳಿಸುತ್ತಾರೆ. ಮೊದಲ 150 ಮಿಮೀ ಲೆಕ್ಕಕ್ಕಿಲ್ಲ, ಉಳಿದ 300 ಮಿಮೀಗೆ ಬಿದ್ದ ಪೆಟ್ಟುಗಳೇ ಎನ್.

ಅಭ್ಯಾಸಕ್ಕೆ ಒಂದು ವರದಿ ಕಲ್ಪಿಸಿಕೊಳ್ಳೋಣ. 2.8 ಮೀಟರ್‌ವರೆಗೆ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬೆರೆತ ಭರ್ತಿ, ಎನ್ 4. ನಂತರ 4.5ರವರೆಗೆ ಕಪ್ಪು ಜೇಡಿ, ಎನ್ 6. ಆಮೇಲೆ ಗಟ್ಟಿ ಮರಳು ಮಿಶ್ರಿತ ಮಣ್ಣು, ಎನ್ 28. 8 ಮೀಟರ್ ದಾಟಿದ ಮೇಲೆ ಶಿಥಿಲ ಬಂಡೆ, ಎನ್ 50ಕ್ಕೂ ಮೇಲೆ. ಇಲ್ಲಿ 7 ಮೀಟರ್ ಪೈಲ್ ಹೊಂದುತ್ತದೆ.

ವಿದ್ಯಾರ್ಥಿಗಳು ಎಡವುವುದು ಭರ್ತಿ ಪದರದಲ್ಲಿ. ಅದು ಪೈಲಿಗೆ ಆಸರೆ ಕೊಡುವುದಿಲ್ಲವೆಂದು ಬಿಟ್ಟರೆ ಸಾಲದು. ಭರ್ತಿ ಇನ್ನೂ ಕುಸಿಯುತ್ತಿದ್ದರೆ ಪೈಲನ್ನು ತನ್ನ ಜೊತೆ ಕೆಳಗೆ ಎಳೆಯುತ್ತದೆ. 400 ಮಿಮೀ ವ್ಯಾಸದ ಪೈಲಿನ ಸುತ್ತಳತೆ 1.257 ಮೀ; 2.8 ಮೀ ಭರ್ತಿಯಲ್ಲಿ ಮೇಲ್ಮೈ 3.5 ಚದರ ಮೀಟರ್. ಎಳೆತವನ್ನು ಚದರ ಮೀಟರಿಗೆ 10 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕೆಜಿ ಭಾರ) ಎಂದು ಹಿಡಿದರೆ ಪ್ರತಿ ಪೈಲಿಗೆ 35 ಕಿಲೋನ್ಯೂಟನ್ ಹೆಚ್ಚುವರಿ ಭಾರ. ಅಡಿಯ ಜೇಡಿಯೂ ಕುಗ್ಗುತ್ತಿದ್ದರೆ ಈ ಲೆಕ್ಕ ಇನ್ನೂ ದೊಡ್ಡದು.

ಬೆಂಗಳೂರಿನ ಇನ್ನೊಂದು ತೊಡಕು ಬಂಡೆ. ಇಲ್ಲಿನ ನೈಸ್, ಗ್ರಾನೈಟ್ ಎಂಬ ಬಂಡೆಗಳು ಶಿಥಿಲವಾಗುವಾಗ ನಡುವೆ ದೊಡ್ಡ ಗುಂಡುಗಳು ಹಾಗೆಯೇ ಉಳಿಯುತ್ತವೆ. ಒಂದು ಮೂಲೆಯಲ್ಲಿ 4 ಮೀಟರಿಗೇ ಬಂಡೆ ಬಡಿಯಿತೆಂದರೆ ಅದು ತಳಬಂಡೆಯೋ, ಮಣ್ಣಿನಲ್ಲಿ ಹೂತ ಗುಂಡೋ ಎನ್ನುವುದು ಕೊರೆದು ನೋಡದೆ ತಿಳಿಯದು. ಗುಂಡಿನ ಮೇಲೆ ಕೂತ ಪೈಲು ಒಂದೇ, ಮೆದು ಮಣ್ಣಿನ ಮೇಲೆ ಕೂತ ಪೈಲು ಒಂದೇ.

ಪೈಲ್ ಎಲ್ಲಿ ಬೀಳಬೇಕು, ಯಂತ್ರ ಎಲ್ಲಿ ನಿಲ್ಲಬೇಕು

30×40 ಸೈಟಿನಲ್ಲಿ ಪಕ್ಕದ ಓಣಿ ಮೂರು ಅಡಿ ಇದ್ದರೆ ದೊಡ್ಡ ರಿಗ್ಗಿನ (ಕೊರೆಯುವ ಯಂತ್ರದ) ಆಸೆ ಬಿಡಿ. ಉಳಿಯುವುದು ಮೂರು ಕಾಲಿನ ತ್ರಿಪಾದಿ ಮತ್ತು ಹಗ್ಗ ಎಳೆಯುವ ವಿಂಚ್, ಕೈಯಿಂದ ತಿರುಗಿಸಿ ಕೊರೆಯುವ ಆಗರ್, ಇಲ್ಲವೇ ಗೇಟಿನಲ್ಲಿ ತೂರುವ ಮಿನಿ ರಿಗ್. ತ್ರಿಪಾದಿಗೆ ತಲೆಯ ಮೇಲೆ ಖಾಲಿ ಜಾಗ ಬೇಕು, ಸಜ್ಜಾ ಅಥವಾ ವಿದ್ಯುತ್ ತಂತಿ ಇದ್ದರೆ ಆಗದು. ಅದರ ಉಳಿ ಬಂಡೆಗೆ ಬಡಿಯುವಾಗಿನ ಅದುರು ಪಕ್ಕದ ಮನೆಗೂ ತಲುಪುತ್ತದೆ. ಕೆಲಸಕ್ಕೆ ಮೊದಲೇ ನೆರೆಯವರ ಗೋಡೆಯಲ್ಲಿರುವ ಬಿರುಕುಗಳನ್ನು ಅವರ ಎದುರೇ ದಿನಾಂಕ ಸಮೇತ ಫೋಟೋ ತೆಗೆದಿಡಿ. ಹಳೆಯ ಬಿರುಕಿಗೂ ಆಮೇಲೆ ಪರಿಹಾರ ಕೇಳುವ ಸಂದರ್ಭ ಬರುತ್ತದೆ.

ಯಂತ್ರ ಕಾಂಪೌಂಡಿಗೆ ಅಂಟಿ ನಿಲ್ಲಲಾರದು. ಹೀಗಾಗಿ ಅಂಚಿನ ಪೈಲು ಕಾಲಂನ ಕೆಳಗೆ ಬರದೆ ಒಳಗೆ ಸರಿಯುತ್ತದೆ. ನಮ್ಮ ಉದಾಹರಣೆ 20×30 ಅಡಿಯ ಎರಡು ಅಂತಸ್ತು, ಎರಡು ಸಾಲಿನಲ್ಲಿ ಎಂಟು ಕಾಲಂ, ಎಂಟು ಪೈಲು, ಕಾಲಂಗೆ 200 ಕಿಲೋನ್ಯೂಟನ್. ಅಂಚಿನ ಪೈಲು ಅರ್ಧ ಮೀಟರ್ ಒಳಗೆ ಸರಿದು, ಅದರಿಂದ ಎದುರು ಸಾಲು 5.5 ಮೀಟರ್ ದೂರವಿದ್ದರೆ, ಎರಡನ್ನೂ ಸೇರಿಸುವ ಬೀಮು ತಕ್ಕಡಿಯಂತೆ ಕೆಲಸ ಮಾಡುತ್ತದೆ: 200×0.5÷5.5, ಅಂದರೆ 18. ಅಂಚಿನ ಪೈಲಿಗೆ 218, ಒಳಗಿನದಕ್ಕೆ 182. ಮೇಲಿನ 35 ಸೇರಿಸಿದರೆ ಅಂಚಿನದು 253. ಬೀಮಿಗೂ 100 ಕಿಲೋನ್ಯೂಟನ್ ಮೀಟರ್ ಬಾಗುಬಲ. ಬರೀ ಪೈಲಿನ ಕೊಟೇಷನ್ ನೋಡಿ ಬಜೆಟ್ ಹಾಕಿದವರಿಗೆ ಈ ದಪ್ಪ ಬೀಮು ಲೆಕ್ಕದಲ್ಲೇ ಇರುವುದಿಲ್ಲ.

ಒಂದು ಕಾಲಂಗೆ ಒಂದೇ ಪೈಲಿದ್ದರೆ ಅದನ್ನು ಎರಡೂ ದಿಕ್ಕಿನಲ್ಲಿ ಬೀಮಿನಿಂದ ಕಟ್ಟಲೇಬೇಕು. ಪೈಲುಗಳ ಭಾರತೀಯ ಮಾನಕ ಸಂಹಿತೆ ಐಎಸ್ 2911ರ ಪ್ರಕಾರ ಈ ಗಾತ್ರದ ಪೈಲು ಗುರುತಿನಿಂದ 75 ಮಿಮೀ ಅಥವಾ ವ್ಯಾಸದ ಆರನೇ ಒಂದು ಭಾಗ, ಯಾವುದು ಕಡಿಮೆಯೋ ಅಷ್ಟು ಸರಿಯಬಹುದು. 400ಕ್ಕೆ ಅದು 66 ಮಿಮೀ. ಆ ಸರಿತವನ್ನು ತಡೆದುಕೊಳ್ಳುವುದೂ ಬೀಮೇ.

ಹೊಸ ಬೀಮನ್ನು ಹಳೆ ಗೋಡೆಗೆ ಕಂಬಿ ತೂರಿಸಿ ಜೋಡಿಸುವುದು ಮೇಸ್ತ್ರಿಗಳ ಮೆಚ್ಚಿನ ಕೆಲಸ. ಅದಕ್ಕೆ ಅವಕಾಶ ಕೊಡಬೇಡಿ. ಪೈಲಿನ ಕಟ್ಟಡ ಕುಸಿಯುವುದು ಕಡಿಮೆ, ಕಲ್ಲಿನ ಪಾಯದ್ದು ಬೇರೆ ರೀತಿ. ನೆಲದಿಂದ ತಾರಸಿಯವರೆಗೆ 25 ಮಿಮೀ ಸಂದು ಬಿಟ್ಟು, ಒಳಗೆ ಮೆದು ಹಲಗೆ ತುಂಬಿ, ಮೇಲೆ ಮಳೆ ನೀರು ಇಳಿಯದ ಹಾಗೆ ಮುಚ್ಚಬೇಕು.

ಸಾಮಗ್ರಿ

ಪೈಲಿನ ಅಡ್ಡಕೊಯ್ತ 0.785×0.4×0.4, ಅಂದರೆ 0.1257 ಚದರ ಮೀಟರ್. 7 ಮೀಟರ್ ಉದ್ದಕ್ಕೆ, ಕೆಸರು ಬೆರೆತು ದುರ್ಬಲವಾಗಿ ಆಮೇಲೆ ಒಡೆದು ತೆಗೆಯಬೇಕಾದ ತಲೆಗೆಂದು ಅರ್ಧ ಮೀಟರ್ ಸೇರಿಸಿ: 0.94 ಘನ ಮೀಟರ್. ಎಂಟಕ್ಕೆ 7.54. ಕೊರೆದ ಗುಂಡಿ ಎಂದೂ ನುಣುಪಾಗಿರದು, ಭರ್ತಿಯಲ್ಲಂತೂ ಉಬ್ಬಿರುತ್ತದೆ. ಶೇ 15 ಹೆಚ್ಚಿಸಿದರೆ 8.7. ಎಂ25 ದರ್ಜೆಯ ಕಾಂಕ್ರೀಟು, ಘನ ಮೀಟರಿಗೆ 400 ಕೆಜಿ ಸಿಮೆಂಟು, ಒಟ್ಟು 70 ಮೂಟೆ. ಪ್ಲಾಂಟಿನ ಕಾಂಕ್ರೀಟು ಅಗ್ಗವೆನಿಸಿದರೂ ಒಂದು ಪೈಲಿಗೆ ಬೇಕಾದದ್ದು ಬರೀ ಒಂದು ಘನ ಮೀಟರ್, ಲಾರಿ ಹೊರುವುದು ಆರು. ಒಂದೇ ದಿನ ಐದು ಗುಂಡಿ ತಯಾರಿಲ್ಲದಿದ್ದರೆ ಸೈಟಿನಲ್ಲೇ ತೂಕ ಹಾಕಿ ಕಲಸುವುದು ಮೇಲು.

ಕಂಬಿ: 12 ಮಿಮೀ ಆರು, ಬೀಮಿನೊಳಗೆ ಹೋಗುವ 600 ಮಿಮೀ ಸೇರಿ ತಲಾ 7.6 ಮೀ, 40.5 ಕೆಜಿ. ಇದು ಸಂಹಿತೆಯ ಕನಿಷ್ಠ ಶೇ 0.4ಕ್ಕಿಂತ ಹೆಚ್ಚು. 8 ಮಿಮೀ ರಿಂಗು 150 ಮಿಮೀ ಅಂತರಕ್ಕೆ, ಸುಮಾರು 20 ಕೆಜಿ. ಪೈಲಿಗೆ 61, ಎಂಟಕ್ಕೆ 488, ತುಂಡು ಪೋಲು ಸೇರಿ 515 ಕೆಜಿ ತರಿಸಿ.

ಹೊರಬರುವ ಮಣ್ಣು ಉಬ್ಬಿ 10 ಘನ ಮೀಟರ್ ಹತ್ತಿರ ಆಗುತ್ತದೆ, ಅದೂ ಕೆಸರು. ಸಾಗಿಸುವ ದರ ಮೊದಲೇ ಕೇಳಿ. ನೀರಿನದು ಬೇರೆ ಬಾಬ್ತು: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು. ಸಂಸ್ಕರಿಸಿದ ನೀರಿನ ಟ್ಯಾಂಕರ್ ತರಿಸುವುದಾದರೆ ಪರೀಕ್ಷಾ ವರದಿ ನೋಡಿ. ಕಾಂಕ್ರೀಟಿನ ಸಂಹಿತೆ ಐಎಸ್ 456 ಪ್ರಕಾರ ಪಿಎಚ್ 6ಕ್ಕಿಂತ ಕಡಿಮೆ ಇರಬಾರದು, ಕಂಬಿಯಿರುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು.

ಗುಂಡಿಯಲ್ಲಿ ಕೆಡುವುದು

ತಳದ ಕೆಸರು ತೆಗೆಯದೆ ಕಾಂಕ್ರೀಟು ಸುರಿಯುವುದೇ ಅತಿ ಸಾಮಾನ್ಯ ದೋಷ. ಮೇಲಿನಿಂದ ಕಾಣುವುದಿಲ್ಲ, ಮನೆ ಕಟ್ಟಿದ ಮೇಲೆ ಕುಸಿತವಾಗಿ ಕಾಣುತ್ತದೆ. ಕೊರೆದು ಮುಗಿಸಿದಾಗ ಒಮ್ಮೆ, ಸುರಿಯುವ ಮುಂಚೆ ಇನ್ನೊಮ್ಮೆ ಹಗ್ಗಕ್ಕೆ ತೂಕ ಕಟ್ಟಿ ಆಳ ಅಳೆಯಿರಿ. ಎರಡನೆಯದು ಕಡಿಮೆ ಬಂದರೆ ಕೆಸರು ಕೂತಿದೆ. ಗುಂಡಿಯನ್ನು ರಾತ್ರಿ ಖಾಲಿ ಬಿಡಬಾರದು.

ಗುಂಡಿಯಲ್ಲಿ ನೀರಿದ್ದರೆ ಟ್ರೆಮಿ (ತಳದಿಂದ ಮೇಲಕ್ಕೆ ಕಾಂಕ್ರೀಟು ತುಂಬುವ) ಕೊಳವೆ ಬೇಕು. ಎರಡೂ ಬದಿಯ 50 ಮಿಮೀ ಕವರ್ (ಕಂಬಿಯ ಹೊರಗಿನ ಕಾಂಕ್ರೀಟು), ರಿಂಗು, ಕಂಬಿ ಕಳೆದರೆ ಕಂಬಿ ಪಂಜರದೊಳಗೆ ಉಳಿಯುವ ಜಾಗ 260 ಮಿಮೀ. 200ರ ಕೊಳವೆಯ ಜಾಯಿಂಟು ಅಲ್ಲಿ ಸಿಕ್ಕಿಕೊಂಡು ಪಂಜರವನ್ನೇ ಮೇಲೆಳೆಯುತ್ತದೆ. ಯಾವ ಕೊಳವೆ ತರುತ್ತಾರೆಂದು ಮೊದಲೇ ಕೇಳಿ. ಸುರಿಯುವಾಗ ಅದರ ತುದಿ ಕನಿಷ್ಠ ಒಂದು ಮೀಟರ್ ಕಾಂಕ್ರೀಟಿನೊಳಗೇ ಇರಬೇಕು. ಅವಸರದಲ್ಲಿ ಮೇಲೆತ್ತಿದರೆ ನಡುವೆ ಮಣ್ಣು ನುಗ್ಗಿ ಪೈಲು ಎರಡು ತುಂಡಾದಂತೆ.

ಪ್ರತಿ ಪೈಲಿಗೆ ಎಷ್ಟು ಮೂಟೆ ಹೋಯಿತೆಂದು ಬರೆದಿಡಿ. ಲೆಕ್ಕದಂತೆ ಸುಮಾರು ಒಂಬತ್ತು. ಏಳಕ್ಕೇ ತುಂಬಿದರೆ ಎಲ್ಲೋ ಸೊಂಟ ಸಣ್ಣದಾಗಿದೆ. ಹದಿನಾಲ್ಕು ನುಂಗಿದರೆ ಕೆಳಗೆ ಪೊಳ್ಳು ಅಥವಾ ಮುಚ್ಚಿದ ಹಳೆ ಬಾವಿ ಇರಬಹುದು.

ಕೊಟೇಷನ್

‘ಪೈಲ್ ಒಂದಕ್ಕೆ ಇಷ್ಟು’ ಎಂಬ ಒಟ್ಟು ದರ ಒಪ್ಪಬೇಡಿ. ಯಂತ್ರ ತಂದು ಒಯ್ಯುವುದು, ಮಣ್ಣಿನಲ್ಲಿ ಕೊರೆತ, ಬಂಡೆಯಲ್ಲಿ ಕೊರೆತ, ಕಾಂಕ್ರೀಟು, ಕಂಬಿ, ತಲೆ ಒಡೆಯುವುದು, ಮಣ್ಣು ಸಾಗಣೆ, ಪರೀಕ್ಷೆ, ಯಂತ್ರ ಸುಮ್ಮನೆ ನಿಂತ ದಿನದ ಬಾಡಿಗೆ: ಎಲ್ಲಕ್ಕೂ ಬೇರೆ ಬೇರೆ ದರ ಬರೆಸಿ, ಮೇಲೆ ಶೇ 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದೂ ಬರೆಸಿ.

ಬಂಡೆಯ ದರ ಏಕೆ ಮುಖ್ಯ ನೋಡಿ. ಮಣ್ಣಿನ ಕೊರೆತ ಮೀಟರಿಗೆ 1, ಬಂಡೆಯದು 4 ಎಂದು ಬರೀ ಲೆಕ್ಕಕ್ಕೆ ಹಿಡಿಯೋಣ. ಎಂಟು ಪೈಲಿನ 56 ಮೀಟರೂ ಮಣ್ಣಾದರೆ 56. ಮೂರು ಪೈಲುಗಳಲ್ಲಿ ಕೊನೆಯ ಎರಡೆರಡು ಮೀಟರ್ ಬಂಡೆ ಬಂದರೆ 50 ಕೂಡಿಸು 24, ಅಂದರೆ 74. ಆರೇ ಮೀಟರಿಗೆ ಕೊರೆತದ ಖರ್ಚು ಮೂರನೇ ಒಂದು ಪಾಲಿನಷ್ಟು ಏರಿತು. ಯಾವುದನ್ನು ಬಂಡೆ ಎನ್ನಬೇಕೆಂಬ ವ್ಯಾಖ್ಯೆಯೂ ಕರಾರಿನಲ್ಲೇ ಇರಲಿ: ಇಂಥ ಉಳಿ, ಇಷ್ಟು ಹೊತ್ತಿಗೆ ಇಷ್ಟು ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಬಂಡೆ. ಇದಿಲ್ಲದಿದ್ದರೆ ಗಟ್ಟಿ ಮಣ್ಣೆಲ್ಲ ಬಿಲ್ಲಿನಲ್ಲಿ ಬಂಡೆಯಾಗುತ್ತದೆ.

ಮೀಸಲು ಹಣಕ್ಕೆ ಕಣ್ಣಂದಾಜಿನ ಶೇ 10 ಬೇಡ. ಎಲ್ಲ ಪೈಲೂ ಒಂದೂವರೆ ಮೀಟರ್ ಹೆಚ್ಚು ಇಳಿದರೆ ಎಂದು ಬಿಡಿಸಿ ಬರೆಯಿರಿ: 12 ಮೀಟರ್ ಕೊರೆತ, 1.7 ಘನ ಮೀಟರ್ ಕಾಂಕ್ರೀಟು, 105 ಕೆಜಿ ಕಂಬಿ. ಅದಕ್ಕೆ ಮೇಲಿನ ಬಂಡೆ ಲೆಕ್ಕ, ಎರಡು ದಿನದ ಯಂತ್ರ ಬಾಡಿಗೆ ಸೇರಿಸಿದರೆ ಬರುವ ಮೊತ್ತವೇ ಮೀಸಲು. ಕೊನೆಯ ಕಂತನ್ನು ತಲೆ ಒಡೆದು ಗಟ್ಟಿ ಕಾಂಕ್ರೀಟು ಕಂಡು, ಎಂಟೂ ಪೈಲುಗಳ ಸಮಗ್ರತೆ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಕೊಡಿ. ಐಎಸ್ 14893ರ ಈ ಪರೀಕ್ಷೆಯಲ್ಲಿ ಪೈಲಿನ ತಲೆಗೆ ಸಣ್ಣ ಸುತ್ತಿಗೆ ಬಡಿದು ತರಂಗ ಹಿಂತಿರುಗುವುದನ್ನು ಓದುತ್ತಾರೆ. ಬಿರುಕು, ಸಣ್ಣ ಸೊಂಟ ಸಿಗುತ್ತದೆ, ಆದರೆ ಪೈಲು ಎಷ್ಟು ಭಾರ ಹೊರುತ್ತದೆಂದು ಅದು ಹೇಳುವುದಿಲ್ಲ. ಅದಕ್ಕೆ ಒಂದು ಪೈಲಿನ ಮೇಲೆ ವಿನ್ಯಾಸದ ಒಂದೂವರೆ ಪಟ್ಟು ಭಾರ ಹೇರುವ ಪರೀಕ್ಷೆ ಬೇಕು, ಅದರ ಖರ್ಚನ್ನು ಕೊಟೇಷನ್ನಿನಲ್ಲೇ ಬರೆಸಿಕೊಳ್ಳಿ.