ಗಿಡ ನೆಟ್ಟಾಯ್ತು, ಮುಂದೇನು ಮಾಡಿಸೋಣ?

ಪ್ರಶ್ನೆ: ಜೂನ್ 5, ವಿಶ್ವ ಪರಿಸರ ದಿನ ಬಂತು ಅಂದ್ರೆ ನಮ್ಮ ಶಾಲೆಯಲ್ಲಿ ಗಿಡ ನೆಡಿಸುತ್ತೇವೆ, ಪ್ರಬಂಧ ಬರೆಸುತ್ತೇವೆ, ಜಾಥಾ ಮಾಡಿಸುತ್ತೇವೆ. ಆಮೇಲೆ ವರ್ಷವಿಡೀ ಏನೂ ಇಲ್ಲ. ಹವಾಮಾನ ಬದಲಾವಣೆ ವಿಷಯದಲ್ಲಿ ಹೈಸ್ಕೂಲ್ ಮಕ್ಕಳಿಂದ ನಿಜವಾಗಿ ಉಪಯೋಗಕ್ಕೆ ಬರುವಂಥದ್ದು ಏನಾದರೂ ಮಾಡಿಸಬಹುದಾ?

ಉತ್ತರ: ಖಂಡಿತ ಮಾಡಿಸಬಹುದು. ಮಕ್ಕಳು ತಮ್ಮ ಊರಿನ ಮಳೆ, ಬಿಸಿಲನ್ನು ತಾವೇ ಅಳೆಯಲಿ. ಅಳೆದ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಮುಂದೆ ಇಡಲಿ. ಜಾಥಾದಲ್ಲಿ ಘೋಷಣೆ ಕೂಗಿದರೆ ದೊಡ್ಡವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಲೆಕ್ಕ ಹಿಡಿದು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಪರಿಸರ ಪಾಠಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ಶಾಲೆಗಳಲ್ಲಿ ಅದು ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ಇಕೋ ಕ್ಲಬ್‌ ಎಂಬ ಶಾಲಾ ಪರಿಸರ ಸಂಘಗಳೂ ಎಷ್ಟೋ ವರ್ಷದಿಂದ ಇವೆ. ಮಕ್ಕಳು ದಿನಾ ಕೈಯಾರೆ ಮಾಡುವ ಕೆಲಸ ಮಾತ್ರ ಕಡಿಮೆ.

ಮಳೆಯಿಂದ ಶುರು ಮಾಡಿ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಎರಡು ಲೀಟರಿನ, ಮೈ ನೇರ ಇರುವ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಕುತ್ತಿಗೆ ಮುಗಿದು ಮೈ ನೇರವಾಗುವ ಕಡೆ ಕತ್ತರಿಸಿ. ಮೇಲಿನ ತುಂಡನ್ನು ತಲೆಕೆಳಗು ಮಾಡಿ ಆಲಿಕೆಯಂತೆ ಒಳಗೆ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದಲ್ವಾ, ಅದಕ್ಕೆ ಒಂದಷ್ಟು ಕಲ್ಲು ಹಾಕಿ, ತಳದ ಉಬ್ಬು ಮುಗಿಯುವ ತನಕ ನೀರು ತುಂಬಿ. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಗುರುತಿನ ಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಮರದಿಂದಲೂ ಸೂರಿನಿಂದಲೂ ದೂರ, ಬಯಲಲ್ಲಿಟ್ಟು, ಗಾಳಿಗೆ ಬೀಳದಂತೆ ಸುತ್ತ ಇಟ್ಟಿಗೆ ಜೋಡಿಸಿ.

ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಲೆಕ್ಕ ಹಾಕುತ್ತದೆ. ಮಕ್ಕಳೂ ಅದೇ ಹೊತ್ತಿಗೆ ನೋಡಿ ಬರೆದು, ನೀರನ್ನು ಮತ್ತೆ ಸೊನ್ನೆ ಗೆರೆಗೆ ತರಬೇಕು. ಬಿಸಿಲಿಗೆ ನೀರು ಆರಿ ಗೆರೆಯಿಂದ ಕೆಳಗಿಳಿದಿದ್ದರೆ ಅದನ್ನೂ ಸರಿ ಮಾಡಬೇಕು. ಮಳೆ ಬರದ ದಿನ 0 ಅಂತಲೇ ಬರೆಸಿ, ಖಾಲಿ ಬಿಡಲು ಬಿಡಬೇಡಿ. ಖಾಲಿ ಬಿಟ್ಟರೆ ಅವತ್ತು ಮಳೆ ಬರಲಿಲ್ಲವೋ, ಯಾರೂ ನೋಡಲಿಲ್ಲವೋ ಅಂತ ಆಮೇಲೆ ಗೊತ್ತಾಗುವುದಿಲ್ಲ. ಭಾನುವಾರ ಯಾರೂ ಬರದಿದ್ದರೆ ಸೋಮವಾರದ ಅಳತೆಯ ಮುಂದೆ ‘ಎರಡು ದಿನದ್ದು’ ಎಂದು ಬರೆಯಲಿ. ಒಂದು ಅಂಕಿಯನ್ನು ನಂಬಬಹುದೇ ಅಂತ ಯೋಚಿಸುವುದನ್ನು ಮಕ್ಕಳು ಇಲ್ಲೇ ಕಲಿಯುತ್ತಾರೆ. ನನ್ನ ಪ್ರಕಾರ ಹವಾಮಾನ ಶಿಕ್ಷಣದ ಅರ್ಧ ಭಾಗ ಇದೇ.

ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿಸಿ: ಯಾವ ಮಳೆ? ಭರಣಿ, ರೋಹಿಣಿ, ಮೃಗಶಿರ, ಆರಿದ್ರಾ ಅಂತ. ಮಕ್ಕಳಿಗೆ ಗೊತ್ತಿರುವುದಿಲ್ಲ, ಮನೆಯಲ್ಲಿ ಅಜ್ಜಿಯನ್ನೋ ಅಜ್ಜನನ್ನೋ ಕೇಳಲೇಬೇಕು. ಕೇಳಿದರೆ ಅಲ್ಲಿಗೇ ನಿಲ್ಲುವುದಿಲ್ಲ. ಆಗೆಲ್ಲ ಯಾವ ಮಳೆಗೆ ಬಿತ್ತನೆ ಆಗುತ್ತಿತ್ತು, ಕೆರೆ ಯಾವಾಗ ಕೋಡಿ ಬೀಳುತ್ತಿತ್ತು ಎಂಬ ಮಾತೂ ಬರುತ್ತದೆ. ಅದನ್ನೂ ಬರೆದಿಡಲಿ.

ಹೀಗೆ ಕೇಳುವುದರಿಂದ ಇನ್ನೊಂದು ಲಾಭ ಇದೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಶಾಲೆಯಲ್ಲಿ ಹವಾಮಾನ ಬದಲಾವಣೆಯನ್ನು ಸ್ಥಳೀಯ ಉದಾಹರಣೆಗಳ ಜೊತೆ ಕಲಿತ ಮಕ್ಕಳು ಮನೆಯಲ್ಲಿ ಅಪ್ಪ ಅಮ್ಮನನ್ನು ಸಂದರ್ಶನ ಮಾಡಿದರು. ಆ ಅಪ್ಪ ಅಮ್ಮಂದಿರಿಗೂ ವಿಷಯದ ಬಗ್ಗೆ ಕಾಳಜಿ ಹೆಚ್ಚಾಯಿತು. ಮೊದಲು ಅಷ್ಟಾಗಿ ತಲೆ ಕೆಡಿಸಿಕೊಳ್ಳದಿದ್ದ ಅಪ್ಪಂದಿರಲ್ಲಿ ಬದಲಾವಣೆ ಜಾಸ್ತಿ ಕಂಡಿತು. ಹೆಣ್ಣುಮಕ್ಕಳ ಮಾತು ಇನ್ನೂ ಹೆಚ್ಚು ನಾಟಿತ್ತು. ಮಕ್ಕಳು ಉಪದೇಶ ಮಾಡಿರಲಿಲ್ಲ, ಪ್ರಶ್ನೆ ಕೇಳಿದ್ದರು.

ಬಿಸಿಲನ್ನೂ ಅಳೆಯಬಹುದು. ಮಧ್ಯಾಹ್ನ ಶೀಟ್ ಹೊದಿಸಿದ ಕೊಠಡಿಯಲ್ಲಿ ಎಷ್ಟು ಡಿಗ್ರಿ, ಹೊರಗೆ ಹೊಂಗೆ ಮರದ ನೆರಳಲ್ಲಿ ಎಷ್ಟು? ಥರ್ಮಾಮೀಟರ್‌ಗೆ ನೇರ ಬಿಸಿಲು ಬೀಳಬಾರದು, ಎರಡೂ ಕಡೆ ಒಂದೇ ಎತ್ತರದಲ್ಲಿರಬೇಕು, ಅಷ್ಟೇ. ಮರಗಳ ಮೇಲೆ ಕಣ್ಣಿಡುವ ಆಸೆ ಇದ್ದರೆ ಸೀಸನ್‌ವಾಚ್ ಎಂಬ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ಒಂದು ಮರವನ್ನು ಗೊತ್ತು ಮಾಡಿಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ನೋಡಿ ದಾಖಲಿಸುವುದು. ಕೇರಳದ ಶಾಲೆಗಳ ಮಕ್ಕಳು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ಮಾವು, ಹಲಸು, ಕಕ್ಕೆ ಮರಗಳನ್ನೂ ಹೀಗೆ ನೋಡಬಹುದು.

ಒಂದು ಎಚ್ಚರಿಕೆ. ಈ ವರ್ಷ ಮಳೆ ಕಡಿಮೆ ಆಯ್ತು, ನೋಡಿ ಇದೇ ಹವಾಮಾನ ಬದಲಾವಣೆ ಅಂತ ಮಕ್ಕಳಿಗೆ ಹೇಳಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆದವು. ಅದರ ಮರುವರ್ಷವೇ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಮಳೆಗೆ ಗುಡ್ಡ ಕುಸಿಯಿತು. ಒಂದೊಂದು ವರ್ಷದ ಏರುಪೇರು ಬೇರೆ, ಹವಾಮಾನವೇ ಬದಲಾಗುವುದು ಬೇರೆ. ವಿಜ್ಞಾನಿಗಳು ಸಾಮಾನ್ಯವಾಗಿ 30 ವರ್ಷದ ಸರಾಸರಿ ಇಟ್ಟುಕೊಂಡು ಮಾತಾಡುತ್ತಾರೆ. ಮಕ್ಕಳ ಪುಸ್ತಕಕ್ಕೆ ಅಷ್ಟು ವಯಸ್ಸಾಗಿಲ್ಲ ಎಂದು ಅವರಿಗೇ ಬಿಡಿಸಿ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗಳಲ್ಲಿ ಮಳೆಮಾಪಕ ಇಟ್ಟಿದೆ. ಅದರ ಅಂಕಿಗಳ ಪಕ್ಕ ತಮ್ಮದನ್ನು ಇಟ್ಟು ನೋಡಲಿ.

ಹೆದರಿಕೆಯ ವಿಷಯವನ್ನೂ ಹೇಳಲೇಬೇಕು. 2021ರಲ್ಲಿ ಭಾರತವೂ ಸೇರಿ ಹತ್ತು ದೇಶಗಳಲ್ಲಿ 16ರಿಂದ 25 ವಯಸ್ಸಿನ 10,000 ಜನರ ಸಮೀಕ್ಷೆ ನಡೆಯಿತು. ಶೇ 59ರಷ್ಟು ಮಂದಿ ಹವಾಮಾನ ಬದಲಾವಣೆ ಬಗ್ಗೆ ತುಂಬಾ ಚಿಂತೆ ಆಗಿದೆ ಅಂದರು. ಅಂಥ ಮಕ್ಕಳಿಗೆ ಪ್ರಳಯದ ಚಿತ್ರ ತೋರಿಸಿ ಏನು ಸಾಧಿಸುತ್ತೇವೆ? ಹಾಗೆಯೇ, ‘ನೀನು ಫ್ಯಾನ್ ಆಫ್ ಮಾಡದೆ ಇದ್ದಿದ್ದಕ್ಕೇ ಭೂಮಿ ಬಿಸಿ ಆಗಿದ್ದು’ ಅನ್ನುವ ಧಾಟಿಯೂ ಬೇಡ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಅಮೆರಿಕದಲ್ಲಿ ಸುಮಾರು 14 ಟನ್. ರಾಯಚೂರಿನ ಹಳ್ಳಿಯ ಹುಡುಗಿಯ ಪಾಲು ಇನ್ನೂ ಎಷ್ಟೋ ಕಡಿಮೆ. ಅವಳ ತಲೆ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ವಿದ್ಯುತ್ ಉಳಿಸುವುದು ಒಳ್ಳೆಯ ಅಭ್ಯಾಸ, ಕಲಿಸಿ. ಆದರೆ ಸತ್ಯವನ್ನೂ ಹೇಳಿ.

ಇನ್ನು ಪಂಚಾಯಿತಿ. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು ಎಂದು ಕರ್ನಾಟಕ ಸರ್ಕಾರ 2006ರಲ್ಲಿ ಆದೇಶ ಹೊರಡಿಸಿತು. ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆ ವೇದಿಕೆ ಸಿಗುವುದಿಲ್ಲ. ಎಷ್ಟೋ ಕಡೆ ಅದು ಹಾರ, ಸ್ವಾಗತ ಗೀತೆ, ಭಾಷಣದಲ್ಲೇ ಮುಗಿದುಹೋಗುವುದು ನೋಡಿದರೆ ಸಂಕಟವಾಗುತ್ತದೆ.

ಆ ಸಭೆಯಲ್ಲಿ ‘ಪರಿಸರ ಉಳಿಸಿ’ ಅಂದರೆ ಎಲ್ಲರೂ ಆಗಲಿ ಅನ್ನುತ್ತಾರೆ, ಏನೂ ಆಗುವುದಿಲ್ಲ. ಅದರ ಬದಲು ಲೆಕ್ಕ ಹೇಳಲಿ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಛಾವಣಿ 200 ಚದರ ಮೀಟರ್ ಇದ್ದರೆ 20 ಮಿಲಿಮೀಟರಿನ ಒಂದೇ ಮಳೆಗೆ 4,000 ಲೀಟರ್. ಸ್ವಲ್ಪ ಪೋಲಾಗುತ್ತದೆ ಅಂತಿಟ್ಟುಕೊಂಡರೂ ಎಷ್ಟು ನೀರು! ‘ನಾವು ಜೂನ್‌ನಿಂದ ದಿನಾ ಬರೆದಿದ್ದೇವೆ, ಇಂಥ ಮಳೆ ಇಷ್ಟು ಸಲ ಬಂದಿದೆ, ನೀರೆಲ್ಲ ಚರಂಡಿಗೆ ಹೋಗಿದೆ. ಏಪ್ರಿಲ್‌ನಲ್ಲಿ ಬಿಸಿಯೂಟದ ಪಾತ್ರೆ ತೊಳೆಯಲು ಟ್ಯಾಂಕರ್ ಕಾಯಬೇಕು. ಪೈಪು, ತೊಟ್ಟಿ ಮಾಡಿಸಿಕೊಡಿ’ ಎಂದು ಎಂಟನೇ ತರಗತಿಯ ಹುಡುಗಿ ಪುಸ್ತಕ ತೆರೆದು ಓದಿದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಏನಾದರೂ ಹೇಳಲೇಬೇಕಲ್ವಾ? ಬಿಸಿ ತಗ್ಗಲು ಕೊಠಡಿಯ ಶೀಟಿನ ಮೇಲೆ ಬಿಳಿ ಬಣ್ಣ ಬಳಿಸುವುದನ್ನೂ ಹೀಗೇ ಅಂಕಿ ಸಮೇತ ಕೇಳಬಹುದು.

ಬೇಡಿಕೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಮಕ್ಕಳ ಜೊತೆ ನೀವೂ ಕೂತಿರಿ. ಯಾರು, ಯಾವಾಗ ಮಾಡಿಸುತ್ತಾರೆ ಎಂಬುದನ್ನೂ ಬರೆಸಿ. ಮುಂದಿನ ವರ್ಷದ ಸಭೆಯಲ್ಲಿ ಮೊದಲ ಪ್ರಶ್ನೆ, ಹೋದ ವರ್ಷದ್ದು ಏನಾಯ್ತು ಅಂತಲೇ ಇರಲಿ. ಹತ್ತನೇ ತರಗತಿ ಮುಗಿಸಿ ಹೋಗುವವರು ಮಳೆ ಪುಸ್ತಕವನ್ನು ಎಂಟನೇ ತರಗತಿಯವರಿಗೆ ಒಪ್ಪಿಸಬೇಕು, ಇಲ್ಲದಿದ್ದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ನಗರದ ಶಾಲೆಯಾದರೆ ಈ ಸಭೆ ಇಲ್ಲ. ಅಲ್ಲಿ ಅದೇ ಲೆಕ್ಕವನ್ನು ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸಭೆಯಲ್ಲಿಟ್ಟು, ನಂತರ ಪಾಲಿಕೆ ಅಥವಾ ಪುರಸಭೆಗೆ ಲಿಖಿತವಾಗಿ ಕೊಡಿಸಿ.

ಮಕ್ಕಳ ಗ್ರಾಮಸಭೆ ಹೆಚ್ಚಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುತ್ತದೆ. ಜೂನ್‌ನಲ್ಲಿ ಬಾಟಲಿ ಇಟ್ಟರೆ ಅಷ್ಟೊತ್ತಿಗೆ ಮುಂಗಾರಿನ ಪೂರ್ತಿ ಲೆಕ್ಕ ಕೈಯಲ್ಲಿರುತ್ತದೆ. ನಿಮ್ಮ ಪಂಚಾಯಿತಿ ದಿನಾಂಕ ತಿಳಿಸದಿದ್ದರೆ ಕಾಯುತ್ತಾ ಕೂರಬೇಡಿ, ಈ ವರ್ಷದ ಸಭೆ ಯಾವತ್ತು ಎಂದು ಮಕ್ಕಳಿಂದಲೇ ಪಿಡಿಒಗೆ ಒಂದು ಪತ್ರ ಬರೆಸಿ.