ಥರ್ಮೋಸ್ಟ್ಯಾಟ್ ತೆಗೆದರೆ ಹಳೆಯ ಸ್ಪೋರ್ಟ್ಸ್ ಕಾರು ತಂಪಾಗುತ್ತದೆಯೇ?

ಪ್ರಶ್ನೆ: ನನ್ನ ಬಳಿ ಇಪ್ಪತ್ತು ವರ್ಷ ದಾಟಿದ, ಎರಡು ಸೀಟಿನ ಸ್ಪೋರ್ಟ್ಸ್ ಕಾರಿದೆ. ಮುಂಬೈಯ ಸಯನ್‌ನ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ‘ನಮ್ಮ ಸೆಖೆಗೆ ಥರ್ಮೋಸ್ಟ್ಯಾಟ್ ಬೇಕಾಗಿಯೇ ಇಲ್ಲ, ತೆಗೆದುಬಿಡೋಣ’ ಎಂದು ಗ್ಯಾರೇಜಿನವರು ಹೇಳುತ್ತಾರೆ. ತೆಗೆಸಲೇ ಸರ್?

ಉತ್ತರ: ಬೇಡ. ಮುಂಬೈಯವರು ಬೇಸಗೆ ಬಂತೆಂದರೆ, ಪುಣೆಯವರು ಖಂಡಾಳಾ ಘಾಟಿ ಹತ್ತಿದ ಮರುದಿನ, ಗೋವಾದವರು ಚೋರ್ಲಾ ಘಾಟಿಯ ನಡುವೆ ಬಾನೆಟ್ ಎತ್ತಿ ನಿಂತಾಗ ಇದೇ ಪ್ರಶ್ನೆಯನ್ನು ಕೇಳುತ್ತಾರೆ. ಈ ಸಲ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ದಯವಿಟ್ಟು ಇದನ್ನು ನಿಮ್ಮ ಗ್ಯಾರೇಜಿನವರಿಗೂ ಓದಿ ಹೇಳಿ.

ಥರ್ಮೋಸ್ಟ್ಯಾಟ್ ಎಂದರೆ ಎಂಜಿನ್ ಮತ್ತು ರೇಡಿಯೇಟರ್ ನಡುವಿನ ನೀರಿನ ದಾರಿಯಲ್ಲಿರುವ ಬಾಗಿಲು. ಅದರ ಒಳಗೆ ಮೇಣ ತುಂಬಿದ ಪುಟ್ಟ ಡಬ್ಬಿಯೊಂದಿರುತ್ತದೆ. ಕೂಲೆಂಟ್ (ಎಂಜಿನ್ನನ್ನು ತಣಿಸುವ ನೀರು) ಆಯಾ ಎಂಜಿನ್ನಿಗೆ ನಿಗದಿಯಾದ ಉಷ್ಣತೆಗೆ, ಸಾಮಾನ್ಯವಾಗಿ 82ರಿಂದ 92 ಡಿಗ್ರಿಯೊಳಗೆ, ಬಂದಾಗ ಆ ಮೇಣ ಕರಗಿ ಹಿಗ್ಗಿ, ಕಡ್ಡಿಯೊಂದನ್ನು ತಳ್ಳಿ, ರೇಡಿಯೇಟರಿನ ದಾರಿಯನ್ನು ತೆರೆಯುತ್ತದೆ. ಅಲ್ಲಿಂದ ಇನ್ನೂ ಹತ್ತು ಹದಿನೈದು ಡಿಗ್ರಿ ಏರುವಷ್ಟರಲ್ಲಿ ಬಾಗಿಲು ಪೂರ್ತಿ ತೆರೆದಿರುತ್ತದೆ. ಅಂದರೆ ನಿಮ್ಮ ಮುಳ್ಳು ಕೆಂಪು ಮುಟ್ಟುವ ಹೊತ್ತಿಗೆ, ಥರ್ಮೋಸ್ಟ್ಯಾಟ್ ಸರಿಯಾಗಿದ್ದ ಪಕ್ಷದಲ್ಲಿ, ಅದು ಆಗಲೇ ದಾರಿ ಬಿಟ್ಟುಕೊಟ್ಟು ಕೂತಿರುತ್ತದೆ. ಅದನ್ನು ಕಿತ್ತು ಹಾಕಿ ಗಳಿಸುವುದಾದರೂ ಏನು? ಎಂಜಿನ್ನಿನ ಕನಿಷ್ಠ ಉಷ್ಣತೆಯನ್ನು ಕಾಯುವುದು ಥರ್ಮೋಸ್ಟ್ಯಾಟಿನ ಕೆಲಸ, ಗರಿಷ್ಠವನ್ನು ಹಿಡಿದಿಡುವುದು ರೇಡಿಯೇಟರ್ ಮತ್ತು ಫ್ಯಾನಿನ ಕೆಲಸ. ಇನ್ನು ‘ನಮ್ಮ ಸೆಖೆ’ಯ ವಾದ. 45 ಡಿಗ್ರಿಯ ಗಲ್ಫ್ ದೇಶಗಳಲ್ಲಿ ಓಡುವ ಕಾರುಗಳಲ್ಲೂ ಥರ್ಮೋಸ್ಟ್ಯಾಟ್ ಇದೆ.

‘ನನ್ನ ಗೆಳೆಯ ತೆಗೆಸಿದ, ಕಾರು ತಂಪಾಯಿತು’ ಎಂಬ ಆಕ್ಷೇಪ ಬಂದೇ ಬರುತ್ತದೆ. ಆಗಿರಬಹುದು. ಅವರ ಥರ್ಮೋಸ್ಟ್ಯಾಟ್ ಮುಚ್ಚಿದ ಸ್ಥಿತಿಯಲ್ಲೇ ಹಿಡಿದುಕೊಂಡಿತ್ತು, ಕೆಟ್ಟದ್ದನ್ನು ತೆಗೆದದ್ದರಿಂದ ನೀರು ಹರಿಯಿತು. ಹೊಸದನ್ನು ಹಾಕಿದ್ದರೂ ಹಾಗೆಯೇ ಹರಿಯುತ್ತಿತ್ತು. ಅನುಮಾನವಿದ್ದರೆ ಅದನ್ನು ಬಿಚ್ಚಿ, ದಾರ ಕಟ್ಟಿ, ತಳಕ್ಕೆ ತಾಗದಂತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರಿನೊಂದಿಗೆ ಒಲೆಯ ಮೇಲಿಡಿ. ಅದರ ಮೈಮೇಲೆ ಕೆತ್ತಿರುವ ಅಂಕಿಯ ಆಸುಪಾಸಿನಲ್ಲಿ ಬಾಗಿಲು ನಿಧಾನವಾಗಿ ಮೇಲೇಳುವುದು ಕಣ್ಣಿಗೇ ಕಾಣುತ್ತದೆ.

ತೆಗೆಸುವುದರಿಂದ ನಷ್ಟವೂ ಉಂಟು. ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟಿನ ಕೆಳಗೆ ಇನ್ನೊಂದು ಬಿಲ್ಲೆಯಿದ್ದು, ಮೇಲಿನ ಬಾಗಿಲು ತೆರೆದಾಗ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಇಡೀ ಭಾಗವನ್ನು ತೆಗೆದರೆ ಬೈಪಾಸ್ ಸದಾ ತೆರೆದಿದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಪಂಪಿಗೆ ಮರಳುತ್ತದೆ, ಮತ್ತು ಟ್ರಾಫಿಕ್‌ನಲ್ಲಿ ಕಾರು ಮೊದಲಿಗಿಂತ ಹೆಚ್ಚೇ ಬಿಸಿಯಾಗಬಹುದು. ಅತ್ತ ಎಕ್ಸ್‌ಪ್ರೆಸ್ ವೇಯ ಗಾಳಿಯಲ್ಲಿ ಎಂಜಿನ್ ಅಗತ್ಯಕ್ಕಿಂತ ತಣ್ಣಗೆ ಓಡುತ್ತದೆ: ಇಂಜೆಕ್ಷನ್ ಇರುವ ಕಾರಿನಲ್ಲಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎಂಜಿನ್ ಇನ್ನೂ ಬಿಸಿಯಾಗಿಲ್ಲವೆಂದು ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ. ಮುಂಬೈಯ ಮಳೆಗಾಲದಲ್ಲಿ ಆಯಿಲ್ ಮುಚ್ಚಳ ತಿರುಗಿಸಿ ನೋಡಿದರೆ ಒಳಮೈಗೆ ಕೆನೆಬಣ್ಣದ ಜಿಡ್ಡು ಮೆತ್ತಿರುತ್ತದೆ. ಅದನ್ನು ಕಂಡು, ಕೂಲೆಂಟ್ ಆಯಿಲಿಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎಂಜಿನ್ ಬಿಚ್ಚಿಸಿಕೊಂಡವರೂ ಇದ್ದಾರೆ.

ನನ್ನ ಪರವಾಗಿ ವಾದಿಸುವವರಿಗೂ ಒಂದು ಮಾತು. ‘ಥರ್ಮೋಸ್ಟ್ಯಾಟ್ ಇಲ್ಲದಿದ್ದರೆ ನೀರು ರೇಡಿಯೇಟರಿನಲ್ಲಿ ತಣಿಯಲು ಸಮಯವೇ ಸಿಗದಷ್ಟು ವೇಗವಾಗಿ ಹರಿಯುತ್ತದೆ’ ಎನ್ನಬೇಡಿ. ಅದೇ ನೀರು ಸುತ್ತಿ ಸುತ್ತಿ ಬರುವಾಗ ಹರಿವು ಹೆಚ್ಚಿದಷ್ಟೂ ಶಾಖ ಹೆಚ್ಚೇ ಸಾಗುತ್ತದೆ.

ಹಾಗಾದರೆ ನಿಮ್ಮ ಕಾರು ಬಿಸಿಯಾಗುವುದೇಕೆ? ಓಡುವಾಗ ಸರಿಯಿದ್ದು, ನಿಂತಾಗ ಮಾತ್ರ ಮುಳ್ಳು ಏರುತ್ತಿದ್ದರೆ ಮೊದಲು ಗಾಳಿಯನ್ನು ಅನುಮಾನಿಸಿ. ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದೆಯೇ, ಅದರ ಸುತ್ತಲಿನ ಪ್ಲಾಸ್ಟಿಕ್ ಕವಚ ಇದೆಯೇ, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಎಲೆ, ಧೂಳು ಕಟ್ಟಿಕೊಂಡಿದೆಯೇ ನೋಡಿ. ಕವಚವಿಲ್ಲದ ಫ್ಯಾನ್ ತನ್ನ ರೆಕ್ಕೆಯ ಎದುರಿನ ವೃತ್ತದಿಂದಷ್ಟೇ ಗಾಳಿ ಎಳೆಯುತ್ತದೆ. ಕಡಲ ಬದಿಯಲ್ಲಿ ನಿಲ್ಲುವ ಕಾರುಗಳಲ್ಲಿ ರೇಡಿಯೇಟರಿನ ತೆಳು ಹಾಳೆಗಳು ಉಪ್ಪುಗಾಳಿಗೆ ಸವೆದು ಬೆರಳು ತಾಗಿದರೆ ಪುಡಿಯಾಗುತ್ತವೆ. ಅಂಥದ್ದನ್ನು ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು. ಗೋವಾದಲ್ಲಿ ತಯಾರಾಗುತ್ತಿದ್ದ, ರೆನೋದ 1149 ಸಿಸಿ ಎಂಜಿನ್ನಿನ ಸ್ಯಾನ್ ಸ್ಟಾರ್ಮ್ ನಿಮ್ಮದಾಗಿದ್ದರೆ ಇನ್ನೊಂದು ಸಂಗತಿಯಿದೆ: ಅದರ ಬಾಡಿ ಫೈಬರಿನದು, ಲೋಹದ ಬಾಡಿಯಂತೆ ಅದರಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಫ್ಯಾನಿನ ಅರ್ತಿಂಗ್ ವೈರೇ ಗತಿ. ಆ ವೈರಿನ ತುದಿ ತುಕ್ಕು ಹಿಡಿದರೆ ಫ್ಯಾನ್ ತಿರುಗುತ್ತದೆ, ಆದರೆ ಸೋಮಾರಿಯಾಗಿ.

ಫ್ಯಾನ್ ‘ಡೈರೆಕ್ಟ್’ ಮಾಡಿಸುವ (ಸದಾ ತಿರುಗುವಂತೆ ನೇರ ವೈರ್ ಕೊಡಿಸುವ) ಮೊದಲು ಈ ವೈರ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ನೋಡಿಸಿ. ರೇಡಿಯೇಟರ್ ಕ್ಯಾಪಿನ ರಬ್ಬರನ್ನೂ ಗಮನಿಸಿ: ಪ್ರೆಶರ್ ಕುಕ್ಕರಿನಂತೆ ಇಲ್ಲಿಯೂ ಒತ್ತಡವೇ ಕುದಿಯುವ ಉಷ್ಣತೆಯನ್ನು ಮೇಲೇರಿಸುವುದು, ರಬ್ಬರ್ ಬಿರಿದರೆ ನೀರು ಬೇಗ ಕುದಿಯುತ್ತದೆ. ಕೂಲೆಂಟಿಗೆ ಬೆರೆಸುವುದು ಡಿಸ್ಟಿಲ್ಡ್ ವಾಟರ್ ಆಗಿರಲಿ, ಬೋರ್‌ವೆಲ್ ನೀರು ಖಂಡಿತ ಬೇಡ. ದುಬಾರಿ ಅಲ್ಯುಮಿನಿಯಂ ರೇಡಿಯೇಟರಿನ ಆಸೆ ಇವೆಲ್ಲ ಮುಗಿದ ಮೇಲಿನದು.

ಯಾರೂ ಕೇಳದಿದ್ದರೂ, ಬಾನೆಟ್ ಎತ್ತಿರುವಾಗಲೇ ಪೆಟ್ರೋಲ್ ಪೈಪುಗಳನ್ನೂ ನೋಡಿಬಿಡಿ. ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ಕಾರಿನ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಅದು ಮೊದಲು ಮೆತ್ತಗಾಗಿ ಊದುತ್ತದೆ, ಆಮೇಲೆ ಬಿರಿಯುತ್ತದೆ, ಬಿರಿದ ಜಾಗ ಬಿಸಿ ಎಕ್ಸಾಸ್ಟಿನ ಮೇಲಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಪೈಪನ್ನು ಬೆರಳಿನಿಂದ ಬಗ್ಗಿಸಿ ನೋಡಿ, ಸಣ್ಣ ಸೀಳು ಕಂಡರೆ ಮೈಮೇಲೆ ಎಸ್‌ಎಇ ಜೆ30 ಆರ್9 (ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು) ಎಂದು ಅಚ್ಚಾಗಿರುವ ಪೈಪನ್ನೇ ಕೇಳಿ ತನ್ನಿ. ಎಂಜಿನ್ ಬದಿಯದನ್ನು ಎಲ್ಲರೂ ಬದಲಿಸುತ್ತಾರೆ. ಟ್ಯಾಂಕಿನ ಬಾಯಿಯಲ್ಲಿರುವ ಗೇಣುದ್ದದ ತುಂಡು ಬಹುಪಾಲು ಕಾರುಗಳಲ್ಲಿ ಕಂಪನಿಯಿಂದ ಬಂದದ್ದೇ ಇರುತ್ತದೆ, ಅದನ್ನೂ ಅದೇ ದಿನ ಬದಲಿಸಿ.